ಆ ಫೋಟೋ ದುಬೈದಲ್ಲ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿದ ಗೆಳತಿಯರಿಗೆ ಒಂದು ಫೋಟೋ ನೆನಪಿರಬಹುದು. ಬಿಳಿ ಕಮಾನುಗಳ ಉದ್ದನೆಯ ಸಾಲು. ನಡುವೆ ನಾನು ಬೆನ್ನು ತಿರುಗಿಸಿ ನಿಂತಿದ್ದೇನೆ. ಕೆಳಗೆ ಒಂದು ವಿಮಾನದ ಚಿತ್ರ. ಊರಿನ ಹೆಸರು ಬರೆದಿರಲಿಲ್ಲ. "ದುಬೈದಾಗ ಯಾವ ಮಸೀದಿ ಇದು?" ಎಂದು ಒಬ್ಬಳು ಕೇಳಿದಳು. "ಅಬುಧಾಬಿದು ಇರಬೇಕು" ಎಂದು ಇನ್ನೊಬ್ಬಳು ಬರೆದಳು. ನಾನು ನಗುವ ಮುಖವೊಂದನ್ನು ಕಳಿಸಿ ಸುಮ್ಮನಾದೆ.

ಆ ಫೋಟೋ ದುಬೈದಲ್ಲ, ಅಬುಧಾಬಿಯದೂ ಅಲ್ಲ. ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯದು. ಇದನ್ನು ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ಈಗ ಬರೆಯುತ್ತಿದ್ದೇನೆ.

ನಮ್ಮದು ನಂದೂರ. ಅಬ್ಬಾ ಅಲ್ಲಿಯೇ ಹತ್ತಿರದ ಒಂದು ತೊಗರಿ ದಾಲ್‌ಮಿಲ್ಲಿನಲ್ಲಿ ತೂಕದ ಲೆಕ್ಕ ಬರೆಯುತ್ತಾರೆ. ಅಮ್ಮಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ದಾದಿ ಇದ್ದಾರೆ, ಹತ್ತು ವರ್ಷದ ತಮ್ಮ ಇದ್ದಾನೆ. ಮನೆಯೊಳಗೆ ನಾವು ಮಾತಾಡುವುದು ದಖನಿ. ಅದನ್ನೆಲ್ಲ ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆದಿದ್ದೇನೆ.

ಅಬ್ಬಾನ ತಮ್ಮ, ನಮ್ಮ ಚಾಚಾ, ದುಬೈಯಲ್ಲಿ ಡ್ರೈವರ್. ಎರಡು ವರ್ಷದ ಹಿಂದೆ ಅವರು ಫೋನಿನಲ್ಲಿ ಒಂದು ಮಾತು ಹೇಳಿದರು. ಅವರ ಗೆಳೆಯನ ಕುಟುಂಬ ಬೇಸಿಗೆಯಲ್ಲಿ ಊರಿಗೆ ಬರುತ್ತದೆ, ಆ ಮನೆ ಖಾಲಿ ಇರುತ್ತದೆ, ನಾವೆಲ್ಲ ಒಂದು ವಾರ ಬಂದು ಇರಬಹುದು. ಅಬ್ಬಾ ಚೀಟಿ ಹಾಕಿದರು. ಅಮ್ಮಿ ಹೊಲಿಗೆಯ ಹಣವನ್ನು ಅಕ್ಕಿ ಡಬ್ಬಿಯಲ್ಲಿ ಕೂಡಿಟ್ಟರು. ಐದೂ ಜನರ ಪಾಸ್‌ಪೋರ್ಟ್ ಮಾಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಲಮಾರಿಯಲ್ಲಿ ದಾದಿಯ ಶಾಲಿನ ಕೆಳಗೆ ಇಟ್ಟಾಯಿತು. ನಾನು ಪ್ರಥಮ ಪಿಯುಸಿ ತರಗತಿಯಲ್ಲಿ ಎಷ್ಟು ಜನರಿಗೆ ಹೇಳಿದ್ದೆನೋ ಲೆಕ್ಕವಿಲ್ಲ. ಯಾರಾದರೂ ರಜೆಯ ಮಾತೆತ್ತಿದರೆ ಸಾಕು, ನನ್ನ ಬಾಯಿಗೆ ದುಬೈ ಬರುತ್ತಿತ್ತು.

ಪರೀಕ್ಷೆ ಮುಗಿದ ವಾರವೇ ಚಿಟಗುಪ್ಪದಿಂದ ಫೋನ್ ಬಂತು. ಫುಪ್ಪಾ, ಅಂದರೆ ನಮ್ಮ ಸೋದರತ್ತೆಯ ಗಂಡ, ಬಣ್ಣ ಹಚ್ಚುವ ಕೆಲಸದಲ್ಲಿದ್ದಾಗ ಮೇಲಿಂದ ಬಿದ್ದಿದ್ದರು. ಕಾಲಿಗೆ ಆಪರೇಷನ್ ಆಗಬೇಕಿತ್ತು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಶಾಲೆಗೆ ಹೋಗುವವರು. ಅಬ್ಬಾ ಯಾರನ್ನೂ ಕೇಳಲಿಲ್ಲ. ಚೀಟಿ ಎತ್ತಿದರು, ಅಕ್ಕಿ ಡಬ್ಬಿಯನ್ನೂ ಬರಿದು ಮಾಡಿದರು. ಆಪರೇಷನ್ ಆಯಿತು, ಆ ಹುಡುಗಿಯರ ಮುಂದಿನ ವರ್ಷದ ಫೀಸೂ ಕಟ್ಟಿದ್ದಾಯಿತು. ನಮ್ಮ ದುಬೈ ಅಲ್ಲಿಗೆ ಮುಗಿಯಿತು.

ನನಗೆ ಸಿಟ್ಟು ಬಂದಿತ್ತು. ಫುಪ್ಪುವಿನ ಮೇಲಲ್ಲ, ಅಬ್ಬಾನ ಮೇಲೂ ಅಲ್ಲ. ಕಾಲೇಜು ಶುರುವಾದಾಗ ಎಲ್ಲರಿಗೂ ಏನು ಹೇಳಲಿ ಎಂಬ ಸಿಟ್ಟು. ತಮ್ಮನ ದುಃಖ ಬೇರೆ ಇತ್ತು. ಅವನು ಅಲಮಾರಿಯಿಂದ ಪಾಸ್‌ಪೋರ್ಟ್ ತೆಗೆದು ಖಾಲಿ ಹಾಳೆಗಳನ್ನು ಒಂದೊಂದಾಗಿ ತಿರುವುತ್ತ, "ಒಂದೂ ಠಸ್ಸೆ ಇಲ್ಲಲ್ಲ" ಎಂದು ಅಳುತ್ತಿದ್ದ.

"ಅದರ ಮ್ಯಾಲ ಏನೂ ಬರೀಬ್ಯಾಡ, ಅದು ಸರ್ಕಾರದ್ದು" ಎಂದು ಅಬ್ಬಾ ಅದನ್ನು ಕಸಿದುಕೊಂಡರು. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಅವನ ಹಳೆಯ ನೋಟ್‌ಬುಕ್ಕಿನಿಂದ ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ, ಅಮ್ಮಿಯ ಸೂಜಿ ದಾರದಿಂದ ನಡುವೆ ಹೊಲಿದರು. "ರೊಕ್ಕ ಹೋಯ್ತು. ಮಿಲ್ಲಿನವರು ಕೊಟ್ಟ ನಾಲ್ಕು ದಿನದ ರಜಾ ಹೋಗಿಲ್ಲ. ನಡೀರಿ, ಇದೇ ಪಾಸ್‌ಪೋರ್ಟಿನ ಮ್ಯಾಲ ಹೋಗಾಮು" ಎಂದರು.

ಅಮ್ಮಿ ಪಲ್ಯಕ್ಕೆಂದು ಹೆಚ್ಚುತ್ತಿದ್ದ ಬೆಂಡೆಕಾಯಿಯ ತೊಟ್ಟಿನ ತುಂಡೊಂದನ್ನು ಎತ್ತಿಕೊಟ್ಟರು. ಅಬ್ಬಾನ ಲೆಕ್ಕದ ಚೀಲದಲ್ಲಿ ನೇರಳೆ ಬಣ್ಣದ ಸ್ಟ್ಯಾಂಪ್ ಪ್ಯಾಡ್ ಇತ್ತು. ಒತ್ತಿದರೆ ಕಾಗದದ ಮೇಲೆ ಹೂವಿನಂಥ ಠಸ್ಸೆ ಮೂಡಿತು. ತಮ್ಮನ ಅಳು ನಿಂತಿತು. ಆಟದ ನಿಯಮ ಇಷ್ಟೇ: ದಿನಕ್ಕೊಂದು ದೇಶ, ಹೋಗುವುದು ಬಸ್ಸಿನಲ್ಲಿ, ಬುತ್ತಿ ಮನೆಯದು, ರಾತ್ರಿ ಮನೆಗೆ ವಾಪಸ್ಸು. ದಾದಿ ಕೊನೆಗೆ ಒಂದು ಮಾತು ಸೇರಿಸಿದರು. "ಮನಿ ಮಂದಿ ಕೂಡಿ ಆಡೂದು ಆಟ. ಹೊರಗಿನವರಿಗೆ ಹೋಗಿ ಹೇಳಿದ್ರ ಅದು ಸುಳ್ಳು. ನೆನಪಿಡ್ರಿ."

ನಾನು ತಲೆಯಾಡಿಸಿದೆ. ಮುರಿದವಳೂ ನಾನೇ.

ಮೊದಲನೆಯ ದಿನದ ದೇಶವನ್ನು ನಾನು ಆರಿಸಿದೆ: ಸ್ಪೇನ್. ಇತಿಹಾಸ ತರಗತಿಯಲ್ಲಿ ಬಹಮನಿಗಳ ಪಾಠ ಮಾಡುವಾಗ, ನಮ್ಮ ಕೋಟೆಯ ಮಸೀದಿಯನ್ನು ಸ್ಪೇನಿನ ಕೊರ್ಡೋಬಾ ನಗರದ ದೊಡ್ಡ ಮಸೀದಿಗೆ ಹೋಲಿಸುತ್ತಾರೆ ಎಂದು ಸರ್ ಹೇಳಿದ್ದರು. ಕೋಟೆಯ ಗೋಡೆಯನ್ನು ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ್ದೆ. ಒಳಗೆ ಒಮ್ಮೆಯೂ ಹೋಗಿರಲಿಲ್ಲ.

ನಂದೂರಿನಿಂದ ಬಸ್ಸು ಹತ್ತಿದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ದಾದಿ, ಅಮ್ಮಿ, ನಾನು ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆದೆವು. ಅಬ್ಬಾನದು ಒಂದು ಟಿಕೆಟ್, ತಮ್ಮನದು ಅರ್ಧ. ಐದು ಜನರ ವಿದೇಶ ಪ್ರವಾಸಕ್ಕೆ ಒಂದೂವರೆ ಟಿಕೆಟ್! ಕಂಡಕ್ಟರ್ ಆಧಾರ್ ನೋಡುವಾಗ ತಮ್ಮ ನನ್ನ ಕಿವಿಯಲ್ಲಿ, "ಇಮಿಗ್ರೇಷನ್ ಆಯ್ತು" ಎಂದ.

ಹೊರಗೆ ಬಿಸಿಲು ಕಾದ ಹೆಂಚಿನಂತೆ ಸುಡುತ್ತಿತ್ತು. ಮಸೀದಿಯೊಳಗೆ ಕಾಲಿಟ್ಟ ಕೂಡಲೇ ತಂಪು. ಸಾಮಾನ್ಯವಾಗಿ ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಮಾಳಿಗೆ ಇದೆ. ಒಂದು ದೊಡ್ಡ ಗುಂಬಜ್, ನಾಲ್ಕು ಮೂಲೆಗೆ ನಾಲ್ಕು, ಅವುಗಳ ನಡುವೆ ಸಾಲುಸಾಲಾಗಿ ಸಣ್ಣ ಗುಂಬಜ್‌ಗಳು. ಮೂರು ದಿಕ್ಕಿನ ಮೊಗಸಾಲೆಗಳಲ್ಲಿ ಕಮಾನುಗಳು ಬಹಳ ಅಗಲ, ಆದರೆ ಶುರುವಾಗುವುದು ಮಾತ್ರ ನೆಲಕ್ಕೆ ತೀರ ಹತ್ತಿರದಿಂದ. ಒಂದು ತುದಿಯಲ್ಲಿ ನಿಂತರೆ ಕಮಾನಿನೊಳಗೆ ಕಮಾನು, ಅದರೊಳಗೆ ಇನ್ನೊಂದು ಕಮಾನು ಕಾಣುತ್ತ ಹೋಗುತ್ತದೆ. ದಾದಿ ಒಂದು ಕಂಬಕ್ಕೆ ಒರಗಿ ಕೂತು ತಸ್ಬೀಹ್ ತೆಗೆದರು. ತಮ್ಮ ಮೆಲ್ಲಗೆ, "ಸ್ಪೇನ್ ತಂಪದ" ಎಂದ.

ಕಾಲೇಜು ಗ್ರಂಥಾಲಯದ ಪುಸ್ತಕದಿಂದ ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಕೊರ್ಡೋಬಾದ ಮಸೀದಿಯ ಕಟ್ಟಡ ಶುರುವಾದದ್ದು 785ರ ಸುಮಾರಿಗೆ. ಅಲ್ಲಿ ಎಂಟು ನೂರಕ್ಕೂ ಹೆಚ್ಚು ಕಂಬಗಳಿವೆ, ಒಂದರ ಮೇಲೊಂದು ಎರಡು ಕಮಾನುಗಳು, ಅವಕ್ಕೆ ಕೆಂಪು ಬಿಳಿ ಪಟ್ಟಿಗಳು. ನಮ್ಮದು 1367ರದು. ಇಲ್ಲಿ ಒಂದೇ ಕಮಾನು, ಬಣ್ಣ ಬಿಳಿ. ಫೋಟೋ ಇಟ್ಟು ನೋಡಿದರೆ ಎರಡೂ ಅಷ್ಟೇನೂ ಒಂದೇ ಥರ ಇಲ್ಲ. ಹೋಲುವುದು ಸಾಲು ಕಮಾನುಗಳ ನಡುವೆ ನಡೆಯುವಾಗಿನ ಅನುಭವ ಇರಬೇಕು. ಶಾಸನದಲ್ಲಿ ಇದನ್ನು ಕಟ್ಟಿದವನ ಹೆಸರಿದೆ: ರಫೀ. ಅವನ ಮನೆತನದ ಊರು ಕಜ್ವೀನ್. ಅದು ಇರುವುದು ಇರಾನಿನಲ್ಲಿ.

"ಹಂಗಾದ್ರ ಇದು ಸ್ಪೇನ್ ಅಲ್ಲ, ಇರಾನ್" ಎಂದು ತಮ್ಮ ಜಗಳ ತೆಗೆದ. ಕೊನೆಗೆ ಎರಡೂ ದೇಶದ ಠಸ್ಸೆ ಒತ್ತಿಸಿಕೊಂಡ.

ಅಲ್ಲಿಯೇ ಅಬ್ಬಾ ನನ್ನ ಫೋಟೋ ತೆಗೆದದ್ದು. ಮನೆಗೆ ಬಂದ ಮೇಲೆ ಒಂದು ಹತ್ತು ನಿಮಿಷ ಫೋನ್ ಹಿಡಿದು ಕೂತಿದ್ದೆ. "ಕಲಬುರಗಿ ಕೋಟೆ" ಎಂದು ಬರೆದೆ, ಅಳಿಸಿದೆ. ವಿಮಾನ ಹಾಕಿದೆ. ಸುಳ್ಳು ಬರೆದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಸ್ಟೇಟಸ್ಸನ್ನು ನಮ್ಮ ತರಗತಿಯ ನಲವತ್ತಕ್ಕೂ ಹೆಚ್ಚು ಜನ ನೋಡಿದರು. ಎಲ್ಲರೂ ಇದೇ ಊರಿನವರು, ಇದೇ ಜಿಲ್ಲೆಯವರು. ಒಬ್ಬರೂ ಆ ಮಸೀದಿಯ ಗುರುತು ಹಿಡಿಯಲಿಲ್ಲ. ನನ್ನ ಸುಳ್ಳು ನಡೆದದ್ದು ಇದರಿಂದ. ಹಿಂದಿನ ದಿನ ಯಾರಾದರೂ ಅದೇ ಫೋಟೋ ನನಗೆ ತೋರಿಸಿದ್ದರೆ ನಾನೂ ಹಿಡಿಯುತ್ತಿರಲಿಲ್ಲ.

ಎರಡನೆಯ ದಿನ ಇರಾನ್. ಅಂದರೆ ಹಫ್ತ್ ಗುಂಬಜ್, ಖಾಜಾ ಬಂದೇ ನವಾಜ್ ದರ್ಗಾದ ಹತ್ತಿರದ ಸಮಾಧಿಗಳ ಗುಂಪು. ಅಲ್ಲಿ ಎಲ್ಲಕ್ಕಿಂತ ದೊಡ್ಡದು ಫಿರೋಜ್ ಶಾಹನದು. ಅವನು 1397ರಿಂದ 1422ರವರೆಗೆ ಇಲ್ಲಿ ಆಳಿದ. ಬೇರೆ ದೇಶಗಳ ವಿದ್ವಾಂಸರನ್ನು ಕರೆತರಲು ಅವನು ವರ್ಷವರ್ಷ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಕಳಿಸುತ್ತಿದ್ದ ಎಂದು ಫಿರಿಷ್ತಾ ಬರೆದಿದ್ದಾನೆ. ಫಿರಿಷ್ತಾ ಮುಂದೆ ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ. ಅವನೂ ಇರಾನ್ ಮೂಲದವನೇ. ಖಾಜಾ ಬಂದೇ ನವಾಜರು ದೆಹಲಿಯಿಂದ ಬಂದವರು, ಅವರು ತೀರಿಕೊಂಡದ್ದೂ 1422ರಲ್ಲೇ. ನಾವು ಬೇರೆ ದೇಶಕ್ಕೆ ಹೋದ ಹಾಗೆ ಆಟ ಆಡುತ್ತಿದ್ದೆವು. ಆ ಕಾಲದಲ್ಲಿ ಜನ ದೇಶ ದೇಶಗಳಿಂದ ಹೊರಟು ಬರುತ್ತಿದ್ದದ್ದು ನಮ್ಮ ಊರಿಗೆ!

ಗುಂಬಜಿನ ನೆರಳಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಅಲ್ಲಿ ನಾನು ಅಬ್ಬಾಗೆ ಬರಲಾಗದ ಒಬ್ಬನ ಕಥೆ ಹೇಳಿದೆ. ಇದನ್ನೂ ಫಿರಿಷ್ತಾ ಬರೆದದ್ದೇ.

ಫಿರೋಜ್ ಶಾಹನಿಗಿಂತ ಮೊದಲು ಇಲ್ಲಿ ಎರಡನೆಯ ಮುಹಮ್ಮದ್ ಶಾಹ ಆಳುತ್ತಿದ್ದ. ಅವನ ಆಸ್ಥಾನದ ಮೀರ್ ಫಜ್ಲುಲ್ಲಾ ಇಂಜೂ, ಶಿರಾಜ್ ನಗರದ ಕವಿ ಹಾಫಿಜ್‌ನನ್ನು ದಖನ್ನಿಗೆ ಕರೆದ. ದಾರಿಯ ಖರ್ಚಿಗೆ ಹಣವನ್ನೂ ಕಳಿಸಿದ. ಹಾಫಿಜ್ ಆ ಹಣದಲ್ಲಿ ಸ್ವಲ್ಪ ತನ್ನ ಸಾಲಕ್ಕೆ ಕೊಟ್ಟ, ಸ್ವಲ್ಪ ತನ್ನ ಸಹೋದರಿಯ ಮಕ್ಕಳಿಗೆ ಕೊಟ್ಟ. ಉಳಿದದ್ದನ್ನು ತೆಗೆದುಕೊಂಡು ಹೊರಟ. ದಾರಿಯಲ್ಲಿ ಲಾರ್ ಎಂಬ ಊರಿನಲ್ಲಿ ಕಳ್ಳರಿಂದ ಎಲ್ಲ ಕಳೆದುಕೊಂಡ ಗೆಳೆಯನೊಬ್ಬ ಸಿಕ್ಕ. ಉಳಿದದ್ದು ಅವನಿಗೆ ಹೋಯಿತು. ಇಬ್ಬರು ವ್ಯಾಪಾರಿಗಳು ಖರ್ಚು ವಹಿಸಿಕೊಂಡು ಅವನನ್ನು ಹೊರ್ಮುಜ್ ಬಂದರಿನವರೆಗೆ ಕರೆತಂದರು. ಹಡಗು ಹತ್ತಿದ. ಆಗ ಬಿರುಗಾಳಿ ಎದ್ದಿತು. ಅವನಿಗೆ ಸಮುದ್ರ ಬೇಡವೇ ಬೇಡ ಅನ್ನಿಸಿ ಇಳಿದುಬಿಟ್ಟ. ಒಂದು ಗಜಲ್ ಬರೆದು ಫಜ್ಲುಲ್ಲಾಗೆ ಕಳಿಸಿ ಶಿರಾಜ್‌ಗೆ ತಿರುಗಿ ಹೋದ. ಸುಲ್ತಾನ ಸಿಟ್ಟು ಮಾಡಲಿಲ್ಲ, ಅವನಿಗೆ ಕಾಣಿಕೆ ಕಳಿಸಿದ.

ಅಬ್ಬಾ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ಅಕ್ಕನ ಮಕ್ಕಳೋ, ತಂಗಿ ಮಕ್ಕಳೋ?"

"ಪುಸ್ತಕದಾಗ ಸಹೋದರಿ ಅಂತಷ್ಟೇ ಅದ, ಅಬ್ಬಾ."

"ತಂಗಿನೇ ಇರಬೇಕು" ಎಂದರು ಅಬ್ಬಾ. ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಬಂದು ನನ್ನ ಪಕ್ಕದಲ್ಲಿ ಕೂತು, "ನಿಂಗ ಬ್ಯಾಸರ ಆಗ್ಯಾದಂತ ನಂಗ ಗೊತ್ತದ" ಎಂದರು. ಚೀಟಿ ಎತ್ತಿದ ದಿನದಿಂದ ಆ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. "ಬ್ಯಾಸರ ಇಲ್ಲ ಅಬ್ಬಾ" ಎಂದೆ. ಆ ಹೊತ್ತಿಗೆ ಅದು ನಿಜವಾಗಿತ್ತು. ಆದರೆ ಚೀಲದಲ್ಲಿದ್ದ ಫೋನಿನಲ್ಲಿ ಗೆಳತಿಯರ ಪ್ರಶ್ನೆಗಳು ಬಂದು ಬೀಳುತ್ತಲೇ ಇದ್ದವು.

ಮೂರನೆಯ ದಿನದ ದೇಶವನ್ನು ಆರಿಸಿದ್ದು ದಾದಿ. "ನನ್ನ ದೇಶಕ್ಕ ಹೋಗಾಮು" ಎಂದರು. ಕಮಲಾಪುರ ಅವರ ತವರು. ಹದಿನಾರನೆಯ ವಯಸ್ಸಿಗೆ ಮದುವೆಯಾಗಿ ನಂದೂರಿಗೆ ಬಂದವರು, ಹುಮನಾಬಾದ್ ಬಸ್ಸು ಹತ್ತಿದರೆ ಒಂದು ತಾಸಿನ ದಾರಿ, ಆದರೂ ಅಣ್ಣ ತೀರಿಹೋದ ಮೇಲೆ ಏಳು ವರ್ಷದಿಂದ ಹೋಗಿರಲಿಲ್ಲ. ಬಸ್ಸು ಮಹಾಗಾಂವ ಕ್ರಾಸ್ ದಾಟಿದ ಮೇಲೆ ದಾದಿ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಕಮಲಾಪುರದ ಕೆಂಪು ಬಾಳೆ ಎಲ್ಲರಿಗೂ ಗೊತ್ತು, ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅದರ ಗಿಡವನ್ನು ನಾನು ನೋಡಿದ್ದು ಆವತ್ತೇ. ಬೇರೆ ಬಾಳೆಗಿಂತ ಎತ್ತರ, ದಿಂಡಿನ ಮೇಲೂ ಕೆಂಪು ಛಾಯೆ. ಬೇರೆ ಬಾಳೆ ಸುಮಾರು ಒಂದು ವರ್ಷಕ್ಕೆ ಕೈಗೆ ಬಂದರೆ ಇದಕ್ಕೆ ಹೆಚ್ಚುಕಡಿಮೆ ಹದಿನೆಂಟು ತಿಂಗಳು ಬೇಕು. ಅಷ್ಟು ದಿನ ನೀರು, ಗೊಬ್ಬರ, ಕಾವಲು. ಹಣ್ಣು ತುಟ್ಟಿಯಾಗುವುದು ಅದಕ್ಕೇ, ಶ್ರೀಮಂತರ ಹಣ್ಣು ಎಂದು ಜನ ಅನ್ನುವುದೂ ಅದಕ್ಕೇ. ದಾದಿಯ ಅಣ್ಣನ ಮಗ ತೋಟದಿಂದ ಒಂದು ಚಿಪ್ಪು ತಂದು ಮುಂದಿಟ್ಟರು. ದಾದಿ ಒಂದು ಹಣ್ಣು ಕೈಯಲ್ಲಿ ಹಿಡಿದು ಸುಲಿಯದೆ ಬಹಳ ಹೊತ್ತು ಕೂತರು.

ಅಷ್ಟರಲ್ಲಿ ಚಾಚಾನ ವಿಡಿಯೋ ಕಾಲ್ ಬಂತು. ತಮ್ಮ ಫೋನ್ ಹಿಡಿದು ತೋಟವನ್ನೆಲ್ಲ ತೋರಿಸಿದ. ಚಾಚಾ ಗಾಡಿ ನಿಲ್ಲಿಸಿ ಅದರೊಳಗೇ ಕೂತಿದ್ದರು. "ಆ ಹಣ್ಣು ಇಲ್ಲಿ ಹಿಡಿ. ಸುಲಿ, ಸಿಪ್ಪಿ ಸುಲಿ. ಹಾಂ. ಈಗ ತಿನ್ನು, ನಾ ನೋಡ್ತೀನಿ" ಎಂದರು. ತಮ್ಮ ತಿಂದ. ಚಾಚಾ ನೋಡಿದರು. ಮೂರು ವರ್ಷದಿಂದ ಅವರು ಊರಿಗೆ ಬಂದಿಲ್ಲ.

ನಾನು ನಡುವೆ ಬಾಯಿ ಹಾಕಿ, "ಚಾಚಾ, ಬುರ್ಜ್ ಖಲೀಫಾ ಮ್ಯಾಲಿಂದ ಎಲ್ಲಾ ಕಾಣ್ತದೇನು?" ಎಂದು ಕೇಳಿದೆ.

ಅವರು ನಕ್ಕರು. "ದಿನಾ ಅದರ ಮುಂದಿಂದೇ ಗಾಡಿ ಹೊಡೀತೀನಿ. ಮ್ಯಾಲ ಹತ್ತಿಲ್ಲ ಬೇಟಿ. ಆ ಟಿಕೀಟಿನ ರೊಕ್ಕದಾಗ ಮನಿಗಿ ಏನರ ಕಳಿಸಬಹುದು." ಆಮೇಲೆ ದಾದಿಗೆ, "ಅಮ್ಮಾ, ಬಾವಿ ಕಡೆ ಒಂದ್ಸಲ ಫೋನ್ ತಿರುವು" ಎಂದರು. ಅವರು ಚಿಕ್ಕವರಿದ್ದಾಗ ರಜೆಗೆ ಬಂದು ಈಜು ಕಲಿತದ್ದು ಆ ಬಾವಿಯಲ್ಲಂತೆ. ದಾದಿಗೆ ಫೋನ್ ತಿರುಗಿಸಲು ಬರಲಿಲ್ಲ, ಬಾವಿಯ ಕಡೆ ಮುಖ ಮಾಡಿ ತಾವೇ ನಿಂತುಬಿಟ್ಟರು. ಚಾಚಾಗೆ ಕಂಡದ್ದು ದಾದಿಯ ಮುಖ ಮಾತ್ರ. ಅವರು ಸರಿಮಾಡಲು ಹೇಳಲಿಲ್ಲ.

ರಾತ್ರಿ ಮನೆಯಲ್ಲಿ ಕೊನೆಯ ಠಸ್ಸೆ ಬಿತ್ತು. ಬೆಂಡೆಕಾಯಿ ಅಷ್ಟೊತ್ತಿಗೆ ಬಾಡಿತ್ತು, ಹೂವು ಸರಿಯಾಗಿ ಮೂಡಲಿಲ್ಲ. ದೇಶದ ಹೆಸರಿನ ಜಾಗದಲ್ಲಿ ತಮ್ಮ "ದಾದಿ" ಎಂದು ಬರೆದ.

ಜೂನ್‌ನಲ್ಲಿ ಕಾಲೇಜು ಶುರುವಾಯಿತು. ತಮ್ಮ ತನ್ನ ಶಾಲೆಯಲ್ಲಿ ಮೊದಲ ದಿನವೇ ಹೊಲಿದ ಪಾಸ್‌ಪೋರ್ಟ್ ಒಯ್ದು ಎಲ್ಲರಿಗೂ ತೋರಿಸಿದ. "ದುಬೈ ರದ್ದಾಯ್ತು, ನಾವು ಮೂರು ದೇಶ ನೋಡಿದ್ವಿ" ಎಂದನಂತೆ. ಅವನ ಗೆಳೆಯರೆಲ್ಲ ತಮಗೂ ಪಾಸ್‌ಪೋರ್ಟ್ ಬೇಕು ಎಂದು ಹಟ ಹಿಡಿದರಂತೆ. ನನ್ನ ಗೆಳತಿಯರು ಕೇಳಿದ್ದು, "ನಮಗೇನು ತಂದಿ?" ನಾನು "ನಾಳೆ ತರ್ತೀನಿ" ಎಂದೆ. ಸಂಜೆ ಮಾರುಕಟ್ಟೆಗೆ ಹೋಗಿ ನಾಲ್ಕು ಪೊಟ್ಟಣ ಖಜೂರ ಕೊಂಡೆ. ಮರುದಿನ ಹಂಚಿದೆ. ಫೋಟೋದ ತನಕ ನಾನು ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ಖಜೂರ ಕೈಗೆ ಕೊಡುವಾಗ ಹೇಳಿದೆ.

ನನ್ನ ಪಕ್ಕದಲ್ಲಿ ಕೂರುವ ಗೆಳತಿ ಪೊಟ್ಟಣವನ್ನು ತಿರುಗಿಸಿ ಹಿಂದೆ ಅಚ್ಚಾದದ್ದನ್ನು ಓದಿದಳು. ಅದನ್ನು ಪ್ಯಾಕ್ ಮಾಡಿದ್ದು ಮುಂಬೈಯಲ್ಲಿ. ಅವಳು ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ. "ಛಲೋ ಅವ" ಎಂದು ಒಂದು ಖಜೂರ ಬಾಯಿಗೆ ಹಾಕಿಕೊಂಡು, ಪೊಟ್ಟಣವನ್ನು ಬೇರೆ ಯಾರಿಗೂ ಕಾಣದ ಹಾಗೆ ಚೀಲದೊಳಗೆ ಇಟ್ಟಳು. ಅವಳು ಎಲ್ಲರೆದುರು ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ನಾನು ಮುಚ್ಚಿಟ್ಟದ್ದು ಏನನ್ನು ಎಂದು ಆಮೇಲೆ ಬಹಳ ಸಲ ಯೋಚಿಸಿದೆ. ದುಬೈಗೆ ಹೋಗಲಿಲ್ಲ ಎಂಬುದನ್ನು ಮುಚ್ಚಿಡಲು ಹೋಗಿ ಅಬ್ಬಾ ಮಾಡಿದ ಕೆಲಸವನ್ನೂ ಮುಚ್ಚಿಟ್ಟಿದ್ದೆ. ಫುಪ್ಪಾ ಈಗ ಕೋಲು ಹಿಡಿದು ನಡೆಯುತ್ತಾರೆ. ಆ ಇಬ್ಬರು ಹುಡುಗಿಯರು ದಿನವೂ ಶಾಲೆಗೆ ಹೋಗುತ್ತಾರೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿತ್ತು? ನಾಚಿಕೆಯ ಕೆಲಸ ಒಂದೇ, ಅದನ್ನು ಮಾಡಿದವಳು ನಾನು.

ವಾರ್ತಾಪತ್ರಿಕೆಗೆ ಪ್ರವಾಸದ ಬಗ್ಗೆ ಬರೆಯಿರಿ ಎಂದು ಮೇಡಂ ಹೇಳಿದಾಗ ಗೆಳತಿಯರೆಲ್ಲ ನನ್ನ ಕಡೆ ತಿರುಗಿದರು. "ನೀನೇ ಬರಿ, ದುಬೈಗೆ ಹೋಗಿ ಬಂದೀದಿ." ಅದಕ್ಕೇ ಬರೆದಿದ್ದೇನೆ. ದಾದಿಗೆ ಓದಿ ಹೇಳಿದೆ. ಅವರು ಬೈಯಲಿಲ್ಲ. "ಖಜೂರದ ಮಾತೂ ಬರ್ದೀದೇನು?" ಎಂದು ಮಾತ್ರ ಕೇಳಿದರು.

ಕಮಲಾಪುರ ತಾಲ್ಲೂಕಿನ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಂಬಜ್‌ಗಳಿವೆ. ಆವತ್ತು ಹೊತ್ತಾಗಿ ನೋಡಲಾಗಲಿಲ್ಲ. ಬರುವ ಭಾನುವಾರ ಹೋಗುತ್ತಿದ್ದೇವೆ. ಪಕ್ಕದ ಗೆಳತಿಗೆ ಹೇಳಿಯಾಗಿದೆ, ಅವಳು ಬರುತ್ತಾಳೆ. ಉಳಿದವರೂ ಬರಬಹುದು. ಹುಡುಗಿಯರು ಆಧಾರ್ ಕಾರ್ಡ್ ಮರೆಯಬೇಡಿ. ಬುತ್ತಿ ನಿಮ್ಮದು. ಬೆಂಡೆಕಾಯಿ ನಾನು ತರುತ್ತೇನೆ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಲಾ ವಿಭಾಗ